ಕಾಮಾಲೆ ಇಳಿದ ಮೇಲೆ

2024ರಲ್ಲಿ ವಿಕ್ಟರ್ ಆಂಬ್ರೋಸ್, ಗ್ಯಾರಿ ರವ್ಕುನ್ ಅವರಿಗೆ ನೊಬೆಲ್ ಬಂದದ್ದೇ ತಡ, ಮೈಕ್ರೋ ಆರ್‌ಎನ್‌ಎ ಎಲ್ಲರ ಬಾಯಲ್ಲೂ ಬಂತು. ಕೋಶದಲ್ಲಿ ಪ್ರೋಟೀನು ತಯಾರಿಯನ್ನು ತಡೆಹಿಡಿಯುವ ಪುಟ್ಟ ಆರ್‌ಎನ್‌ಎ ತುಣುಕು ಅದು. ನನ್ನ ತಕರಾರು, ಲಿವರ್ ಕ್ಯಾನ್ಸರ್‌ಗೆ ಮದ್ದು ಸಿಕ್ಕೇಬಿಟ್ಟಿತು ಎಂಬ ಹೊಗಳಿಕೆಯ ಬಗ್ಗೆ. ಹೊಗಳುವವರು ಮೂಲ ಪ್ರಬಂಧಗಳನ್ನು ನಿಧಾನವಾಗಿ ಓದಿಲ್ಲ.

2011ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಬಂದ ಇಲಿಯೋಪೌಲೋಸ್ ತಂಡದ ಪ್ರಬಂಧವನ್ನೇ ನೋಡಿ. ಲಿವರ್ ಕೋಶದಲ್ಲಿ ಎಚ್‌ಎನ್‌ಎಫ್4-ಆಲ್ಫಾ ಎಂಬ ಪ್ರೋಟೀನು ಮಿರ್-124 ಎಂಬ ಮೈಕ್ರೋ ಆರ್‌ಎನ್‌ಎ ಹುಟ್ಟಲು ಕಾರಣ. ಉರಿಯೂತದ ಸಂದೇಶ ಹಿಡಿಯುವ ಐಎಲ್-6 ಗ್ರಾಹಿಯನ್ನು ಮಿರ್-124 ಅದುಮಿಡುತ್ತದೆ. ಸಂಶೋಧಕರು ಆ ಪ್ರೋಟೀನನ್ನು ಸ್ವಲ್ಪ ಕಾಲ ಮಾತ್ರ ತಡೆದರು. ಮಿರ್-124 ತಗ್ಗಿತು, ಗ್ರಾಹಿ ಹೆಚ್ಚಿತು, ಸ್ಟ್ಯಾಟ್3 ಎಂಬ ಇನ್ನೊಂದು ಪ್ರೋಟೀನು ಎಚ್ಚೆತ್ತು ಮಿರ್-24, ಮಿರ್-629ಗಳನ್ನು ಹೆಚ್ಚಿಸಿತು. ಇವೆರಡೂ ತಿರುಗಿ ಮೊದಲಿನ ಪ್ರೋಟೀನನ್ನೇ ಅಮುಕಿದವು. ತಡೆ ತೆಗೆದರೂ ಸುತ್ತು ನಿಲ್ಲಲಿಲ್ಲ, ಕೋಶ ಕ್ಯಾನ್ಸರಿನತ್ತ ಹೊರಳಿತು.

‘ತಡೆ ತೆಗೆದರೂ’ ಎಂಬಲ್ಲಿದೆ ಪ್ರಬಂಧದ ಜೀವ. ನಮ್ಮ ವಿಜ್ಞಾನ ಲೇಖಕರು ಇದನ್ನು ‘ಸ್ವಿಚ್’ ಎಂದು ಬರೆಯುತ್ತಾರೆ. ಆ ಮಾತು ತಪ್ಪು ದಾರಿಗೆ ಎಳೆಯುತ್ತದೆ. ಸ್ವಿಚ್ ಆರಿಸಿದರೆ ದೀಪ ಆರುತ್ತದೆ. ಇದು ಒಮ್ಮೆ ತಳ್ಳಿದರೆ ತಾನೇ ತಿರುಗುವ ಚಕ್ರ. ಮಿರ್-124 ಕೊಟ್ಟಾಗ ಇಲಿಗಳಲ್ಲಿ ಗಡ್ಡೆ ಕುಗ್ಗಿದ್ದು ನಿಜ. ಆದರೆ ಅದು ರಾಸಾಯನಿಕ ಕೊಟ್ಟು ಬರಿಸಿದ ಗಡ್ಡೆ. ನಮ್ಮ ರೋಗಿಗಳದ್ದು ಸೋಂಕು, ಹೆಂಡ, ಕೊಬ್ಬುಗಳಿಂದ ವರ್ಷಗಟ್ಟಲೆ ಬೆಂದು ಗಟ್ಟಿಯಾದ ಲಿವರ್.

ಮೈಕ್ರೋ ಆರ್‌ಎನ್‌ಎಗೆ ‘ಒಳ್ಳೆಯದು’, ‘ಕೆಟ್ಟದು’ ಎಂಬ ಹಣೆಪಟ್ಟಿಯೂ ನಿಲ್ಲದು. ಮಿರ್-122 ಇಲ್ಲದ ಇಲಿಗಳಿಗೆ ಲಿವರ್ ಕ್ಯಾನ್ಸರ್ ಬರುತ್ತದೆ. ಹೆಪಟೈಟಿಸ್ ಸಿ ವೈರಾಣು ಬೆಳೆಯುವುದಕ್ಕೂ ಅದೇ ಮಿರ್-122 ಬೇಕು. ಲಿವರ್ ಕ್ಯಾನ್ಸರ್ ರೋಗಿಗಳೂ ಇದ್ದ, ಮೈಕ್ರೋ ಆರ್‌ಎನ್‌ಎ ಆಧಾರಿತ ಎಂಆರ್‌ಎಕ್ಸ್34 ಔಷಧದ ಪ್ರಯೋಗವನ್ನು, ರೋಗನಿರೋಧಕ ವ್ಯವಸ್ಥೆ ಕೆರಳಿ ನಾಲ್ವರು ಸತ್ತ ಮೇಲೆ 2016ರಲ್ಲಿ ನಿಲ್ಲಿಸಬೇಕಾಯಿತು. ಹೊಗಳಿಕೆಯ ಬರಹಗಳಲ್ಲಿ ಆ ನಾಲ್ವರಿಗೆ ಒಂದು ಸಾಲಿನ ಜಾಗವೂ ಇಲ್ಲ.

ಹಾಗೆಂದು ಇದೆಲ್ಲ ಬರೀ ಸದ್ದು ಎನ್ನುವವರನ್ನೂ ನಾನು ಒಪ್ಪಲಾರೆ. ನಮ್ಮ ಹುಲಿಕೆರೆ ಕಡೆ ಕಣ್ಣು ಹಳದಿಯಾದರೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕದಡಿ ಕುಡಿಸುತ್ತಾರೆ. ಕಣ್ಣು ಬೆಳ್ಳಗಾದರೆ ಕಾಮಾಲೆ ಇಳಿಯಿತೆಂದು ಪಥ್ಯ ಮುಗಿಯುತ್ತದೆ. ಹೆಪಟೈಟಿಸ್ ಬಿ, ಸಿ ಕೆಲವರಲ್ಲಿ ಆಮೇಲೂ ಸದ್ದಿಲ್ಲದೆ ಉಳಿಯುತ್ತವೆ. ಕಾರಣ ಸರಿದರೂ ಕೋಶ ಮರೆಯದಿರಬಹುದೆಂದು ಇಲಿಯೋಪೌಲೋಸ್ ತಂಡದ ಪ್ರಯೋಗ ತೋರಿಸಿದೆ. ಅದರ ಬೆಲೆ ಇರುವುದು ಇಲ್ಲಿ. ಚಕ್ರವನ್ನು ನಿಲ್ಲಿಸುವ ಮದ್ದು ಬರಲಿ. ತಳ್ಳದಂತೆ ನೋಡಿಕೊಳ್ಳುವ ಮದ್ದು ಈಗಲೇ ಇದೆ. ಕೂಸು ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ, ಕಣ್ಣು ಬೆಳ್ಳಗಾದ ಮೇಲೂ ಒಂದು ರಕ್ತಪರೀಕ್ಷೆ. ಮೈಕ್ರೋ ಆರ್‌ಎನ್‌ಎ ಕುರಿತ ಲೇಖನ ಈ ಎರಡು ಮಾತಿಗೆ ಬಂದು ಮುಟ್ಟದಿದ್ದರೆ ಅದು ಅರ್ಧ ಓದಿನ ಲೇಖನ.