ಗಾಳಿಯಲ್ಲಿ ನಿಂತ ಬೆಸುಗೆ

ರಂಗನಟಿ ಚಿಂದೋಡಿ ಲೀಲಾ ಅವರ ದಾವಣಗೆರೆಗೆ ದನಿಯ ಬೆಲೆ ಹೇಳಿಕೊಡಬೇಕಿಲ್ಲ. ಇಲ್ಲಿನ ವಿನೋಬನಗರದ ಮನೆಯೊಂದರ ಮೇಜಿನ ಮೇಲೂ ಕಂಡೆನ್ಸರ್ ಮೈಕ್ ಕಟ್ಟಬಹುದು, ತಾಳ್ಮೆ ಇರಬೇಕಷ್ಟೆ.

1916ರಲ್ಲಿ ಇ.ಸಿ. ವೆಂಟ್ ರೂಪಿಸಿದ ತತ್ವವೇ ಇಂದಿಗೂ: ತೆಳುಪೊರೆ ಕಂಪಿಸಿದಂತೆ ಕೆಪಾಸಿಟನ್ಸ್ ಬದಲಾಗುತ್ತದೆ. ಆ ಸಂಕೇತ ಸೋರದಿರಲು ಎಫ್‌ಇಟಿ ಟ್ರಾನ್ಸಿಸ್ಟರಿನ ಗೇಟಿಗೆ 1 ಗಿಗಾಓಮ್‌ನಷ್ಟು ದೊಡ್ಡ ರೆಸಿಸ್ಟರ್ ಬೇಕು. ಅಲ್ಲಿ ಬೆರಳಿನ ಜಿಡ್ಡು ತಾಕಿದರೂ ಚರಪರ ಸದ್ದು! ಅದಕ್ಕೇ ಬಲ್ಲವರು ಆ ಬೆಸುಗೆಯನ್ನು ಬೋರ್ಡಿಗೆ ತಾಗಿಸದೆ ಗಾಳಿಯಲ್ಲೇ ಹಾಕಿ, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆಯುತ್ತಾರೆ.

ನಿಜವಾದ ಸೊಗಸು ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನದು. ಸುತ್ತುಗಳ ಅನುಪಾತ 10:1 ಇದ್ದರೆ 20,000 ಓಮ್ 200ಕ್ಕೆ ಇಳಿದು, ಉದ್ದದ ಕೇಬಲ್ಲಿಗೂ ದನಿ ಜಗ್ಗುವುದಿಲ್ಲ. ವೋಲ್ಟೇಜೂ ಹತ್ತರಲ್ಲೊಂದಾಗುತ್ತದೆ, ಅದು ತೆರಬೇಕಾದ ಬೆಲೆ. ಮುಂದೊಂದು ಕೆಪಾಸಿಟರ್ ಇಟ್ಟು ಡಿಸಿ ತಡೆಯದಿದ್ದರೆ ಕೋರ್ ತುಂಬಿ, ತಗ್ಗು ಸ್ವರಗಳು ಒಡೆಯುತ್ತವೆ.

ಹಣ ಉಳಿಸುವುದಾದರೆ ಮೈಕಿನ ಹೊರಡಬ್ಬಿಯಲ್ಲಿ ಉಳಿಸಿ, ಟ್ರಾನ್ಸ್‌ಫಾರ್ಮರಿನಲ್ಲಿ ಬೇಡ.