ಡ್ರಮ್ಮಿಗೆ ಸಂದ ಕೀರ್ತಿ

ವಿಜಯವಾಡವಿರಲಿ, ವಿಶಾಖಪಟ್ಟಣವಿರಲಿ, ಮಣ್ಣಿನ ಆರೋಗ್ಯದ ಬಗ್ಗೆ ನಾಲ್ಕು ಜನ ಸೇರಿದರೆ ಮಾತು ಜೀವಾಮೃತದ ಡ್ರಮ್ಮಿಗೆ ಬಂದು ನಿಲ್ಲುತ್ತದೆ. ಒಪ್ಪುವವರು ಅದರ ಮಹಿಮೆ ಹೇಳುತ್ತಾರೆ, ಒಪ್ಪದವರು ಅದರಲ್ಲಿ ಸಾರಜನಕ ಎಷ್ಟಿದೆ ಎಂದು ಕೇಳುತ್ತಾರೆ. ಒಂದು ರಾಜ್ಯವೇ ಬೆನ್ನಿಗೆ ನಿಂತು ನಡೆಸಿದ ಕೃಷಿಪದ್ಧತಿಯ ವಿಮರ್ಶೆ ಇನ್ನೂರು ಲೀಟರ್ ದ್ರಾವಣದಲ್ಲಿ ಮುಳುಗಿಹೋಗಿದೆ.

ಹಿನ್ನೆಲೆ ಓದುಗರಿಗೆ ಗೊತ್ತಿರುವುದೇ. ಸುಭಾಷ್ ಪಾಳೇಕರ್ ಅವರ ಶೂನ್ಯ ಬಂಡವಾಳದ ಕೃಷಿಯ ವಿಚಾರಗಳನ್ನು ಮೊದಲು ಹೆಗಲಿಗೇರಿಸಿಕೊಂಡದ್ದು ನಮ್ಮ ಕರ್ನಾಟಕದ ರೈತ ಸಂಘ. ಆಂಧ್ರ ಸರ್ಕಾರ ಆಮೇಲೆ ಅದನ್ನು ರೈತು ಸಾಧಿಕಾರ ಸಂಸ್ಥೆಯ ಮೂಲಕ, ನಿವೃತ್ತ ಐಎಎಸ್ ಅಧಿಕಾರಿ ಟಿ. ವಿಜಯಕುಮಾರ್ ಅವರ ಮುಂದಾಳತ್ವದಲ್ಲಿ, ರಾಜ್ಯದ ಕಾರ್ಯಕ್ರಮವಾಗಿಸಿತು. ‘ಶೂನ್ಯ ಬಂಡವಾಳ’ ಎಂಬ ಹೆಸರು ಮುಂದೆ ಸದ್ದಿಲ್ಲದೆ ಬಿದ್ದುಹೋಗಿ ‘ಸಮುದಾಯ ನಿರ್ವಹಣೆಯ ನೈಸರ್ಗಿಕ ಕೃಷಿ’ ಎಂದಾಯಿತು. 2024ರಲ್ಲಿ ಪೋರ್ಚುಗಲ್‌ನ ಗುಲ್ಬೆಂಕಿಯನ್ ಪ್ರಶಸ್ತಿಯೂ ಬಂತು. ಪ್ರಶಸ್ತಿ ಸರಿಯಾದ ಊರಿಗೇ ಬಂದಿದೆ. ಆದರೆ ಊರಲ್ಲಿ ಹಾರ ಬಿದ್ದದ್ದು ಬೇರೆಯವರ ಕೊರಳಿಗೆ.

ಜೀವಾಮೃತದ ಪಾಕವನ್ನೇ ನೋಡೋಣ. ಎಕರೆಗೆ 200 ಲೀಟರ್ ನೀರು, 10 ಕಿಲೋ ನಾಟಿ ಹಸುವಿನ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ದಿನಕ್ಕೆರಡು ಸಲ ತಿರುವಿ, ನೆರಳಲ್ಲಿ ಎರಡು ದಿನ ಕೊಳೆಸಬೇಕು. ಸಗಣಿ, ಗಂಜಲ, ಹಿಟ್ಟು ಮೂರನ್ನೂ ಧಾರಾಳವಾಗಿ ಲೆಕ್ಕ ಹಾಕಿದರೂ ಒಂದು ಡ್ರಮ್ಮಿನ ಸಾರಜನಕ ಸುಮಾರು 200 ಗ್ರಾಂ. ಅರ್ಧ ಕಿಲೋ ಯೂರಿಯಾದಲ್ಲಿ ಇದಕ್ಕಿಂತ ಹೆಚ್ಚಿರುತ್ತದೆ. ಭತ್ತಕ್ಕೆ ಶಿಫಾರಸು ಮಾಡುವುದು ಎಕರೆಗೆ 40 ಕಿಲೋ ಆಸುಪಾಸು. ತಿಂಗಳಿಗೆರಡು ಸಲ ಹಾಕಿದರೂ ಈ ಅಂತರ ತುಂಬುವುದಿಲ್ಲ.

2019ರಲ್ಲಿ ರಾಷ್ಟ್ರೀಯ ಕೃಷಿ ವಿಜ್ಞಾನ ಅಕಾಡೆಮಿ ಈ ಪದ್ಧತಿಯನ್ನು ತಳ್ಳಿಹಾಕಿದಾಗ ವಿಜ್ಞಾನಿಗಳ ಕೈಯಲ್ಲಿದ್ದ ಅಸ್ತ್ರ ಹೆಚ್ಚುಕಡಿಮೆ ಇಂಥ ಗಣಿತವೇ. ಗಣಿತ ತಪ್ಪಲ್ಲ. ಆದರೆ ಅವರು ಡ್ರಮ್ಮನ್ನು ಗೊಬ್ಬರದ ಚೀಲದ ಪಕ್ಕ ಇಟ್ಟು ತೂಗಿದರು, ಅಲ್ಲಿಗೆ ಕೈತೊಳೆದುಕೊಂಡರು. ಪಾಳೇಕರ್ ಶಿಷ್ಯರ ಉತ್ತರವೂ ಸಿದ್ಧವಾಗಿತ್ತು: ಇದು ಗೊಬ್ಬರವಲ್ಲ ಸ್ವಾಮಿ, ಹೆಪ್ಪು.

ಈ ಹೆಪ್ಪಿನ ಮಾತನ್ನು ಯಾರೂ ಸರಿಯಾಗಿ ಕೆದಕಿಲ್ಲ. ಹೆಪ್ಪು ಹಾಕಬೇಕಾದರೆ ಹಾಲಿರಬೇಕು. ಅನಂತಪುರದ ಕೆಂಪು ನೆಲದಲ್ಲಿ ಸಾವಯವ ಇಂಗಾಲ ಬಹುಪಾಲು ಶೇಕಡ ಅರ್ಧಕ್ಕಿಂತ ಕಡಿಮೆ. ಅಲ್ಲಿ ಸೂಕ್ಷ್ಮಜೀವಿಗಳಿಗೆ ಬರವಿಲ್ಲ, ಅವುಗಳ ಊಟಕ್ಕೆ ಬರ. ಒಂದು ಗ್ರಾಂ ಸಗಣಿಯಲ್ಲಿ ನೂರಾರು ಕೋಟಿ ಜೀವಿಗಳಿವೆ ಎಂದು ಶಿಬಿರಗಳಲ್ಲಿ ಹೇಳುತ್ತಾರೆ, ಇರಲಿ. ಮೇ ತಿಂಗಳ ಬಿಸಿಲಲ್ಲಿ ಕಾದು ಬೂದಿಯಂತಾದ ಹೊಲಕ್ಕೆ ಅವನ್ನು ಸುರಿದರೆ ಎಷ್ಟು ದಿನ ಬದುಕುತ್ತವೆ? ಬೆಲ್ಲ, ಹಿಟ್ಟು ತೀರಿದ ಮೇಲೆ ಏನು ತಿನ್ನುತ್ತವೆ? ಊಟ ಬರಬೇಕಾದದ್ದು ಜೀವಂತ ಬೇರಿನಿಂದ ಮತ್ತು ಮೇಲೆ ಬಿದ್ದು ಕೊಳೆಯುವ ಎಲೆ, ದಂಟಿನಿಂದ. ಅಂದರೆ ಪಾಳೇಕರ್ ಅವರೇ ಹೇಳಿದ ನಾಲ್ಕು ಚಕ್ರಗಳಲ್ಲಿ ಬೀಜಾಮೃತ, ಜೀವಾಮೃತಗಳ ನಂತರ ಬರುವ ಹೊದಿಕೆಯಿಂದ. ಮೂರನೆಯ ಸ್ಥಾನದಲ್ಲಿ ಕೂತಿರುವ ಈ ಹೊದಿಕೆಯೇ ಬಂಡಿಯನ್ನು ಎಳೆಯುತ್ತಿರುವುದು.

ಆಂಧ್ರದವರ ನಿಜವಾದ ಸಾಧನೆ ಮುಂಗಾರುಪೂರ್ವ ಒಣಬಿತ್ತನೆ. ಮಳೆಗೆ ಕಾಯದೆ ಏಪ್ರಿಲ್, ಮೇ ತಿಂಗಳಲ್ಲೇ ಹತ್ತಾರು ಬಗೆಯ ಕಾಳು, ಸಿರಿಧಾನ್ಯ, ಎಣ್ಣೆಬೀಜ, ಸೊಪ್ಪಿನ ಬೀಜಗಳನ್ನು ಬೆರೆಸಿ, ಜೇಡಿಮಣ್ಣು ಮತ್ತು ಬೂದಿಯ ಲೇಪ ಕೊಟ್ಟು ಬಿತ್ತುತ್ತಾರೆ, ಮೇಲೆ ಹುಲ್ಲು ಹರಡುತ್ತಾರೆ. ಬೇಸಿಗೆಯ ಒಂದೆರಡು ಹನಿಗೆ ಕೆಲವು ಮೊಳೆಯುತ್ತವೆ, ಉಳಿದವು ಕಾಯುತ್ತವೆ. ಮುಂಗಾರಿನ ಮೊದಲ ಬಿರುಮಳೆ ಬರುವಷ್ಟರಲ್ಲಿ ನೆಲ ಬೆತ್ತಲೆಯಾಗಿರುವುದಿಲ್ಲ. ಕೆಂಪು ಮಣ್ಣಿನ ಮೇಲ್ಪದರ ಕೊಚ್ಚಿಹೋಗುವುದು ಆ ಮೊದಲ ಕೆಲವು ಮಳೆಗಳಲ್ಲೇ ಎನ್ನುವುದನ್ನು ರಾಯಲಸೀಮೆಯ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ. ತಮಾಷೆಯೆಂದರೆ ಗುಲ್ಬೆಂಕಿಯನ್ ಪ್ರಶಸ್ತಿಯನ್ನು ಇವರೊಂದಿಗೆ ಹಂಚಿಕೊಂಡವರಲ್ಲಿ ಮಣ್ಣುವಿಜ್ಞಾನಿ ರತನ್ ಲಾಲ್ ಒಬ್ಬರು. 1970ರ ದಶಕದಲ್ಲಿ ನೈಜೀರಿಯಾದ ಇಬಾದಾನ್‌ನಲ್ಲಿ, ಉಳದೆ ಬೆಳೆಯ ಕಸವನ್ನು ಮೇಲೆಯೇ ಬಿಟ್ಟ ಇಳಿಜಾರಿನಲ್ಲಿ ಮಣ್ಣು ಎಷ್ಟು ಕಡಿಮೆ ಸವೆಯುತ್ತದೆ ಎಂದು ಅಳೆದು ತೋರಿಸಿದವರು ಅವರು. ಆಂಧ್ರದ ಯಶಸ್ಸನ್ನು ಅವರ ಪ್ರಯೋಗ ವಿವರಿಸುವಷ್ಟು ಡ್ರಮ್ಮು ವಿವರಿಸುವುದಿಲ್ಲ.

ಇನ್ನೊಂದು ತಕರಾರು, ಎಲ್ಲ ನೆಲಕ್ಕೂ ಒಂದೇ ಪಾಕ ಎಂಬುದರ ಮೇಲೆ. ವಿಜಯವಾಡದ ಸುತ್ತಲ ಕೃಷ್ಣಾ ಮುಖಜಭೂಮಿ ಕಾಲುವೆ ನೀರಿನ ಜೇಡಿನೆಲ. ಹತ್ತಾರು ವರ್ಷ ಸುರಿದ ಡಿಎಪಿ ಗೊಬ್ಬರದ ರಂಜಕ ಅಲ್ಲಿ ಕಟ್ಟಿಕೊಂಡು ಕೂತಿದೆ. ಮೊದಲ ಕೆಲವು ವರ್ಷ ಇಳುವರಿ ಕುಸಿಯದಿದ್ದರೆ ಆ ಹಳೆಯ ಠೇವಣಿಯ ಪಾಲು ಎಷ್ಟೆಂದು ಕೇಳಬೇಡವೇ? ಭತ್ತ ಕೊಯ್ಯುವ ಎರಡು ಮೂರು ದಿನ ಮೊದಲು ನಿಂತ ಪೈರಿನೊಳಗೇ ಉದ್ದು ಎರಚಿ, ಉಳಿದ ತೇವದಲ್ಲಿ ಎರಡನೆಯ ಬೆಳೆ ತೆಗೆಯುವ ರೂಢಿ ಅಲ್ಲಿ ಮೊದಲಿನಿಂದ ಇದೆ. ಅದಕ್ಕೆ ಯಾರೂ ಪ್ರಶಸ್ತಿ ಕೊಡಲಿಲ್ಲ. ವಿಶಾಖಪಟ್ಟಣದ ಮೇಲಿನ ಅರಕು, ಪಾಡೇರು ಬೆಟ್ಟಗಳದು ಬೇರೆಯೇ ಕಥೆ. ಸಿಲ್ವರ್ ಓಕ್ ನೆರಳಿನ ಕಾಫಿತೋಟದಲ್ಲಿ ತರಗೆಲೆಯೇ ಹೊದಿಕೆ. ಪಕ್ಕದ ಬೋಳು ಇಳಿಜಾರಿಗೆ ಸುರಿದ ದ್ರಾವಣ ಮಾತ್ರ ಮಳೆಯೊಂದಿಗೆ ಹಳ್ಳ ಸೇರುತ್ತದೆ. ಮಣ್ಣು ಯಾವುದೆಂದು ಕೇಳದೆ ಮದ್ದು ಕೊಡುವ ಚಾಳಿ ಸರ್ಕಾರಿ ವಿಜ್ಞಾನಕ್ಕೂ ಇತ್ತು. ಬಳ್ಳಾರಿ ಸೀಮೆಯ ಆಳವಾದ ಎರೆಯಲ್ಲಿ ಸಮಪಾತಳಿ ಬದು ಹಾಕಿ, ಮೇಲೆ ನೀರು ನಿಂತು, ಬೇಸಿಗೆಯಲ್ಲಿ ಬದು ಬಿರಿದು ಒಡೆದ ಮೇಲೆಯೇ ಇಳಿಜಾರು ಬದುವಿನ ಮಾತು ಬಂದದ್ದು. ಆದ್ದರಿಂದ ಅಕಾಡೆಮಿಯವರು ತೀರ ಬೀಗುವಂತಿಲ್ಲ.

ಹೊದಿಕೆಯೂ ಪುಕ್ಕಟೆಯಲ್ಲ. ಹುಲ್ಲು ಹೊಲಕ್ಕೆ ಹೋದರೆ ದನಕ್ಕೇನು? ಬೇಸಿಗೆಯಲ್ಲಿ ಊರ ದನ, ಕುರಿಗಳು ಬಯಲಲ್ಲೇ ಮೇಯುವ ಕಡೆ ಒಬ್ಬನ ಹೊಲ ಮಾತ್ರ ಹಸಿರಾದರೆ ಅದು ಊರಿನ ಗೋಮಾಳವಾಗುತ್ತದೆ. ಇಡೀ ಊರು ಕೂತು ಒಪ್ಪಬೇಕಾದ ಮಾತಿದು. ಮಹಿಳಾ ಸ್ವಸಹಾಯ ಸಂಘಗಳನ್ನು ಕಟ್ಟಿಕೊಂಡು ಹೊರಟದ್ದರಿಂದಲೇ ಆಂಧ್ರಕ್ಕೆ ಇದು ಕೆಲಮಟ್ಟಿಗೆ ಸಾಧ್ಯವಾಯಿತು ಎಂದು ನನ್ನ ಅಂದಾಜು.

ಕರ್ನಾಟಕದ ಕೃಷಿ ಇಲಾಖೆ ಅಲ್ಲಿಂದ ಏನಾದರೂ ತರುವುದಾದರೆ ಡ್ರಮ್ಮನ್ನು ಅಲ್ಲೇ ಬಿಟ್ಟು ಬರಲಿ. ಏಪ್ರಿಲ್‌ನಲ್ಲಿ ಬಿತ್ತಲು ಬೆರಕೆ ಬೀಜಕ್ಕೆ, ಎರಡು ತಿಂಗಳು ದನ ಕಾಯುವವನ ಸಂಬಳಕ್ಕೆ ದುಡ್ಡು ತೆಗೆದಿಡಲಿ. ಪಾವಗಡ, ಚಳ್ಳಕೆರೆಯ ಕೆಂಪು ನೆಲದಿಂದಲೇ ಶುರುಮಾಡಲಿ.