ಮೆಟ್ಟಿಲ ಮೇಲಿನ ಪೆಟ್ಟಿಗೆ

ಪ್ರವಾಸ ಮುಗಿಸಿ ಮನೆಗೆ ಮರಳಿದ ದಂಪತಿಗಳು ತಮ್ಮ ಸೂಟ್‌ಕೇಸನ್ನು ಮಹಡಿಯ ಮೆಟ್ಟಿಲ ಮೇಲೆ ಇಟ್ಟುಬಿಡುತ್ತಾರೆ. ಅದನ್ನು ಮೇಲಕ್ಕೆ ಒಯ್ಯಬೇಕಾದವರು ಯಾರು? ಹೆಂಡತಿ ಒಯ್ಯಲಿ ಎಂದು ಗಂಡ, ಗಂಡನೇ ಒಯ್ಯಲಿ ಎಂದು ಹೆಂಡತಿ ಕಾಯುತ್ತಾರೆ. ವಾರಗಳು ಉರುಳಿದರೂ ಪೆಟ್ಟಿಗೆ ಕದಲುವುದಿಲ್ಲ. ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1996ರಿಂದ 2005ರವರೆಗೆ ಪ್ರಸಾರವಾದ ‘ಎವ್ರಿಬಡಿ ಲವ್ಸ್ ರೇಮಂಡ್’ ಹಾಸ್ಯ ಧಾರಾವಾಹಿಯ ‘ಬ್ಯಾಗೇಜ್’ ಎಂಬ ಕಂತಿನ ಕಥೆ ಇಷ್ಟೇ. 2003ರ ಈ ಕಂತಿನ ಬರವಣಿಗೆಗಾಗಿ ಟಕ್ಕರ್ ಕಾವ್ಲೀ ಅವರಿಗೆ ಎಮ್ಮಿ ಪ್ರಶಸ್ತಿ ದೊರೆಯಿತು.

ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನಲ್ಲಿ ನೆಲೆಸಿದ ಇಟಲಿ ಮೂಲದ ಬರೋನ್ ಕುಟುಂಬದ ಕಥೆಯಿದು. ರೇ ಕ್ರೀಡಾ ಅಂಕಣಕಾರ. ಡೆಬ್ರಾ ಅವನ ಹೆಂಡತಿ. ರಸ್ತೆಯ ಆಚೆ ಬದಿಯಲ್ಲೇ ಅವನ ತಂದೆ ಫ್ರ್ಯಾಂಕ್, ತಾಯಿ ಮರೀ ಇದ್ದಾರೆ. ಹೇಳದೆ ಕೇಳದೆ ಒಳನುಗ್ಗಿ ಸೊಸೆಯ ಅಡುಗೆಯಲ್ಲಿ ಕೊರತೆ ಹುಡುಕುವ ಅತ್ತೆಯೇ ಈ ಧಾರಾವಾಹಿಯ ನಗೆಗೆ ನಿತ್ಯದ ಬಂಡವಾಳ.

ಆದರೆ ಈ ಕಂತಿನ ನಗೆ ಹುಟ್ಟುವುದು ಮಾತಿನಿಂದಲ್ಲ, ಆಡದ ಮಾತಿನಿಂದ. ‘ಇದನ್ನು ಸ್ವಲ್ಪ ಎತ್ತಿಡುತ್ತೀಯಾ?’ ಎಂಬ ಒಂದು ಪ್ರಶ್ನೆಯಿಂದ ಮುಗಿಯಬಹುದಾದುದು ಯುದ್ಧವಾಗಿ ಬೆಳೆಯುತ್ತದೆ. ವಾಸನೆ ತಡೆಯಲಾರದೆ ಹೆಂಡತಿ ಸೋಲಲಿ ಎಂದು ರೇ ಪೆಟ್ಟಿಗೆಯೊಳಗೆ ನಾರುವ ಚೀಸ್ ಇಡುತ್ತಾನೆ. ದಾಂಪತ್ಯದ ಮೌನಕ್ಕೆ ಇದಕ್ಕಿಂತ ಸೂಕ್ತವಾದ ರೂಪಕ ಸಿಕ್ಕೀತೇ? ಮುಚ್ಚಿಟ್ಟಷ್ಟೂ ಅದು ನಾರುತ್ತದೆ.

ಮಗ–ಸೊಸೆಯ ಈ ಹಟದ ನಡುವೆ, ಡೋರಿಸ್ ರಾಬರ್ಟ್ಸ್ ಅಭಿನಯಿಸಿದ ಮರೀ ತನ್ನ ಹಳೆಯ ಗಾಯವೊಂದನ್ನು ತೆರೆದಿಡುತ್ತಾಳೆ. ಅವಳ ಅಡುಗೆಮನೆಯ ಗೋಡೆಯಲ್ಲಿ ಅಲಂಕಾರಕ್ಕೆಂದು ತೂಗುಹಾಕಿದ ದೊಡ್ಡ ಫೋರ್ಕು ಮತ್ತು ಚಮಚಗಳಿವೆ. ಅವುಗಳ ಹಿಂದೆಯೂ ಇಂಥದೇ ಒಂದು ಹಟವಿತ್ತು. ಆಗ ಅವಳಾಗಲೀ ಫ್ರ್ಯಾಂಕ್ ಆಗಲೀ ಬಾಗಲಿಲ್ಲ. ಚೀಸ್ ತುಂಬಿದ ಪೆಟ್ಟಿಗೆ ನಿಮ್ಮ ಪಾಲಿನ ಫೋರ್ಕು–ಚಮಚ ಆಗದಿರಲಿ ಎಂಬುದು ಅವಳ ಎಚ್ಚರಿಕೆ. ಏಳು ಸರಣಿಗಳುದ್ದಕ್ಕೂ ಆ ಹಿರಿಯರ ಕಚ್ಚಾಟಕ್ಕೆ ನಕ್ಕ ನಮಗೆ ಆ ನಗೆಯ ಬೆಲೆ ತಿಳಿಯುವುದು ಇಲ್ಲಿ. ನಾವು ಹಾಸ್ಯವೆಂದು ತಿಳಿದದ್ದು ಒಂದು ದಾಂಪತ್ಯ ತೆತ್ತ ದಂಡವಾಗಿತ್ತು. ಮರೀಯ ವಿವೇಕ ಬಂದುದು ಗೆಲುವಿನಿಂದಲ್ಲ, ತನ್ನದೇ ಸೋಲಿನಿಂದ. ಆದುದರಿಂದಲೇ ಅದು ಉಪದೇಶವೆನಿಸುವುದಿಲ್ಲ.

ಕೊನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಪೆಟ್ಟಿಗೆಯನ್ನು ಒಯ್ಯಲು ಧಾವಿಸುತ್ತಾರೆ; ‘ನಾನೇ ಒಯ್ಯುತ್ತೇನೆ’ ಎಂದು ಮೆಟ್ಟಿಲ ಮೇಲೆಯೇ ಎಳೆದಾಡುತ್ತಾರೆ. ಇದು ಅಗ್ಗದ ನಗೆಯೆಂದು ಕೆಲವರಿಗೆ ತೋರಬಹುದು. ನನಗಾದರೋ ಇದು ಪ್ರಾಮಾಣಿಕವಾದ ಮುಕ್ತಾಯವೆನಿಸಿತು. ‘ನಾನು ಬಾಗಲಾರೆ’ ಎಂಬ ಅಹಂಕಾರ ‘ಮೊದಲು ಬಾಗಿದವನು ನಾನೇ’ ಎಂಬ ವೇಷ ತೊಟ್ಟಿದೆಯಷ್ಟೇ. ಮನುಷ್ಯಸ್ವಭಾವ ಅರ್ಧ ಗಂಟೆಯಲ್ಲಿ ಬದಲಾಗುವುದಿಲ್ಲವೆಂದು ಲೇಖಕರು ಬಲ್ಲರು. ಕೊರತೆಯೊಂದಿದ್ದರೆ ಅದು ಮತ್ತೊಂದು: ಮರೀಯ ನೋವಿನ ಬಳಿ ಕಥೆ ಬಹಳ ಹೊತ್ತು ನಿಲ್ಲುವುದಿಲ್ಲ. ಮತ್ತೆ ನಗಿಸುವ ಆತುರ ಅದಕ್ಕಿದೆ.

ಆ ನೋವಿನ ಬಳಿ ನಿಲ್ಲುವ ಕೆಲಸ ನಮಗುಳಿಯುತ್ತದೆ. ‘ಅವರೇ ಮಾಡಲಿ’ ಎಂದು ನಾವು ದಿನವೂ ದಾಟಿ ನಡೆಯುವ ಪೆಟ್ಟಿಗೆಯೊಂದು ನಮ್ಮ ಮನೆಯಲ್ಲೂ ಇದ್ದೀತು. ಅದನ್ನು ಎತ್ತಲು ಬೇಕಾದ ಬಲ ಅಲ್ಪ. ಎತ್ತದೆ ಬಿಟ್ಟರೆ ಹೊರಬೇಕಾದ ಭಾರ ಬಹಳ.